ಅಂಕಣ ಎಷ್ಟು, ಕಂಬ ಎಷ್ಟು

ಬೆಂಗಳೂರಿನ ವಾಯವ್ಯಕ್ಕೆ, ಅರ್ಕಾವತಿಯ ಪಾತ್ರದಲ್ಲಿರುವ ಹೆಸರಘಟ್ಟದಲ್ಲಿ ನಡೆಯುವ ಸಂಶೋಧನೆ ಮತ್ತು ಸಾಕಣೆಯ ಕೆಲಸಗಳಲ್ಲಿ ಬಹುಪಾಲು ದಿನಗಳ ಎಣಿಕೆಯನ್ನೇ ಆಧರಿಸಿದವು. 1967ರಲ್ಲಿ ಸ್ಥಾಪನೆಯಾದ, ತನ್ನ ತಳಿಗಳಿಗೆ ಈ ನದಿಯ ಹೆಸರಿನ ಮೊದಲ ತುಣುಕನ್ನೇ ಇಟ್ಟಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಟೊಮೆಟೊ ಸುಮಾರು 140 ದಿನಗಳ ಬೆಳೆ. ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ ಕಲಿಸುವ ಕೋಳಿ ಸಾಕಣೆಯಲ್ಲಿ ಮೊಟ್ಟೆ ಮರಿಯಾಗಲು 21 ದಿನ ಬೇಕು. ಕೇಂದ್ರೀಯ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿ ಸಂಸ್ಥೆಯ ವಿಷಯಕ್ಕೆ ಬಂದರೆ, ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಕಾಲವೇ ನಿಂತಂತಿರುವ ವೀರ್ಯದ ನಳಿಕೆಯೊಂದು ಹಸುವಿನ ಗರ್ಭವನ್ನು ತಲುಪಿದ ದಿನದಿಂದ ಕರು ಹುಟ್ಟುವವರೆಗೆ ಸುಮಾರು 280 ದಿನಗಳ ಎಣಿಕೆ ಮೊದಲಾಗುತ್ತದೆ. ಹಿಂದೆ ಗೋಡೆಯ ಕ್ಯಾಲೆಂಡರಿನ ಮೇಲೆ ಸುತ್ತುಗೆರೆ ಹಾಕಿ ನೆನಪಿಡುತ್ತಿದ್ದ ಇಂಥ ದಿನಗಳನ್ನು ಇಂದು ಸಾಮಾನ್ಯ ಸಾಕಣೆದಾರನೂ ಮೊಬೈಲಿನಲ್ಲಿರುವ ಎಕ್ಸೆಲ್ ಶೀಟಿಗೆ, ಅಂದರೆ ಅಡ್ಡಸಾಲು ಮತ್ತು ಉದ್ದ ಕಾಲಂಗಳ ಮನೆಗಳಲ್ಲಿ ಅಂಕಿಗಳನ್ನೂ ಅವುಗಳ ನಡುವಣ ಸಂಬಂಧವನ್ನು ಹೇಳುವ ಸೂತ್ರಗಳನ್ನೂ ತುಂಬುವ ಲೆಕ್ಕಹಾಳೆಗೆ, ಒಪ್ಪಿಸಬಲ್ಲ. ಒಪ್ಪಿಸುವುದು ಸುಲಭ, ಆದರೆ ಹಾಳೆಗೆ ತಿಳಿದಿರುವುದು ಕೂಡುವುದು ಮತ್ತು ಕಳೆಯುವುದು ಮಾತ್ರ. ಯಾವ ದಿನವನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅದಕ್ಕೆ ಬೇರೆ ಯಾರಾದರೂ ಹೇಳಬೇಕಾಗುತ್ತದೆ, ಮತ್ತು ಹೇಳದಿದ್ದರೂ ಅದು ಉತ್ತರ ಕೊಡದೆ ಇರುವುದಿಲ್ಲ.

ಹಾಳೆಯ ಮನೆಯೊಂದರಲ್ಲಿ ‘1 ಜನವರಿ 2026’ ಎಂದು ಕಾಣುವುದು ವಾಸ್ತವವಾಗಿ ಒಂದು ವೇಷ. ಒಳಗೆ ಇರುವುದು 46023 ಎಂಬ ಸಂಖ್ಯೆ. ಆ ಮನೆಯ ತೋರಿಕೆಯನ್ನು ದಿನಾಂಕದಿಂದ ಸಾಮಾನ್ಯ ಸಂಖ್ಯೆಗೆ ಬದಲಿಸಿದೊಡನೆ ಅದು ಹೊರಬರುತ್ತದೆ. ಕ್ರಿ.ಶ. 1900ರ ಆರಂಭದಿಂದ ಒಂದೊಂದಾಗಿ ಏರುತ್ತ ಬಂದಿರುವ ಈ ಕ್ರಮಸಂಖ್ಯೆಯಿಂದಾಗಿ ತಿಂಗಳಿಗೆ 28, 30, 31 ಎಂಬ ಏರುಪೇರುಗಳೂ ಅಧಿಕ ವರ್ಷದ ಗೊಂದಲವೂ ಮಾಯವಾಗಿ, ಎರಡು ದಿನಾಂಕಗಳ ನಡುವಣ ಅಂತರವು ಒಂದೇ ವ್ಯವಕಲನಕ್ಕೆ ಇಳಿಯುತ್ತದೆ. ಈ ಉಪಾಯವು ಗಣಕಯಂತ್ರದವರಿಗೆ ಹೊಳೆದ ಹೊಸ ವಿಚಾರವೆಂದು ತಿಳಿಯುವವರು ಪಂಚಾಂಗ ಗಣಿತದ ಮೊದಲ ಪಾಠವನ್ನು ನೋಡಬೇಕು. ಅಲ್ಲಿ ‘ಅಹರ್ಗಣ’ ಎಂದರೆ ದಿನಗಳ ರಾಶಿ; ಕ್ರಿ.ಪೂ. 3102ರ ಫೆಬ್ರವರಿಯ 17–18ರಂದು ಕಲಿಯುಗ ಮೊದಲಾಯಿತೆಂದು ಇಟ್ಟುಕೊಂಡು, ಅಲ್ಲಿಂದ ಇಷ್ಟ ದಿನದವರೆಗೆ ಸಂದ ದಿನಗಳ ಮೊತ್ತವನ್ನು ಮೊದಲು ಕಂಡುಹಿಡಿದ ಬಳಿಕವೇ ಗ್ರಹಗಳ ಸ್ಥಾನವನ್ನು ಲೆಕ್ಕಿಸಲಾಗುತ್ತಿತ್ತು. ದಿನವು ಮಧ್ಯರಾತ್ರಿಯಿಂದ ತೊಡಗುತ್ತದೆಯೇ ಸೂರ್ಯೋದಯದಿಂದಲೇ ಎಂಬ ಬಗ್ಗೆ ಆರ್ಧರಾತ್ರಿಕ ಮತ್ತು ಔದಯಿಕ ಎಂಬ ಎರಡು ಪಕ್ಷಗಳಿದ್ದರೂ ಎಣಿಕೆಯ ತತ್ತ್ವ ಒಂದೇ. ಮಧ್ಯರಾತ್ರಿಯ ಪಕ್ಷವನ್ನು ಹಿಡಿದರೆ, ಹಾಳೆಯ ಕ್ರಮಸಂಖ್ಯೆಗೆ 18,26,553 ಕೂಡಿಸಿದಾಗ ಆ ದಿನದ ಕಲಿ ಅಹರ್ಗಣ ದೊರೆಯುತ್ತದೆ: 2026ರ ಮೊದಲ ದಿನಕ್ಕೆ 18,72,576.

ಇಷ್ಟು ದೊಡ್ಡ ಸಂಖ್ಯೆಯನ್ನು ಕೈಯಲ್ಲಿ ಗುಣಿಸಿ ಭಾಗಿಸುವುದು ಕಷ್ಟವೆಂದೇ, ಹತ್ತಿರದ ಒಂದು ದಿನದಿಂದ ಎಣಿಸುವ ಕರಣಗ್ರಂಥಗಳು ಹುಟ್ಟಿಕೊಂಡವು. ಭಾಸ್ಕರಾಚಾರ್ಯನು ‘ಕರಣಕುತೂಹಲ’ದಲ್ಲಿ ಕಲಿಯ ಆರಂಭವನ್ನು ಬಿಟ್ಟು 1183ನೆಯ ಇಸವಿಯನ್ನು ಎಣಿಕೆಯ ಮೊದಲಾಗಿ ಇಟ್ಟುಕೊಂಡನು, ಗಣೇಶ ದೈವಜ್ಞನು 1520ರ ‘ಗ್ರಹಲಾಘವ’ದಲ್ಲಿ 11 ವರ್ಷಕ್ಕೆ 4016 ದಿನಗಳ ಒಂದೊಂದು ಚಕ್ರವನ್ನು ಕಟ್ಟಿ, ಉಳಿಕೆ ದಿನಗಳನ್ನಷ್ಟೇ ಬಳಸುವ ದಾರಿ ತೋರಿದನು. ಲೆಕ್ಕಹಾಳೆಯ ಮೂಲಪುರುಷರು 1900ರಿಂದ ಎಣಿಸತೊಡಗಿದ್ದು ಇದೇ ಬಗೆಯ ಮಿತವ್ಯಯ. ಅಹರ್ಗಣ ಸರಿಯಿದೆಯೇ ಎಂದು ನೋಡುವ ಹಳೆಯ ಪರೀಕ್ಷೆಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಲಿಯುಗವು ಶುಕ್ರವಾರ ಮೊದಲಾಯಿತೆಂಬ ಲೆಕ್ಕದಿಂದ, ಅಹರ್ಗಣವನ್ನು 7ರಿಂದ ಭಾಗಿಸಿ ಬಂದ ಶೇಷವನ್ನು ಶುಕ್ರವಾರದಿಂದ ಮುಂದಕ್ಕೆ ಎಣಿಸಿದರೆ ವಾರ ಸಿಗಬೇಕು. ಸಿಗದಿದ್ದರೆ ಗಣಿತಜ್ಞನು ಒಂದನ್ನು ಕೂಡಿಸಿಯೋ ಕಳೆದೋ ತಿದ್ದಿಕೊಳ್ಳುತ್ತಿದ್ದನು. 18,72,576ರಲ್ಲಿ ಶೇಷ 6 ಉಳಿಯುತ್ತದೆ, ಶುಕ್ರವಾರದಿಂದ ಆರು ಹೆಜ್ಜೆ ಮುಂದಿರುವುದು ಗುರುವಾರ, ಮತ್ತು 2026ರ ಜನವರಿ 1 ಗುರುವಾರವೇ ಆಗಿದೆ.

ಇನ್ನು ಹಸುವಿನ ಲೆಕ್ಕ. (ಸೂತ್ರಗಳನ್ನು ಪರದೆಯ ಮೇಲೆ ರೋಮನ್ ಅಕ್ಷರಗಳಲ್ಲಿಯೇ ಒತ್ತಬೇಕಾಗಿದ್ದರೂ ಓದಿನ ಅನುಕೂಲಕ್ಕಾಗಿ ಇಲ್ಲಿ ಅವನ್ನು ಕನ್ನಡದಲ್ಲಿ ಬರೆಯಲಾಗಿದೆ.) ಎ2 ಎಂಬ ಮನೆಯಲ್ಲಿ, ಅಂದರೆ ಮೊದಲ ಕಾಲಂನ ಎರಡನೆಯ ಸಾಲಿನಲ್ಲಿ, ಕೃತಕ ಗರ್ಭಧಾರಣೆಯ ದಿನವಾಗಿ 10 ಜೂನ್ 2025 ಎಂದು ತುಂಬಿದರೆ ಹಾಳೆಯು ಅದನ್ನು 45818 ಎಂದು ಇಟ್ಟುಕೊಳ್ಳುತ್ತದೆ. ಪಕ್ಕದ ಮನೆಗಳಲ್ಲಿ ‘=ಎ2+21’ ಎಂದು ಬರೆದರೆ ಜುಲೈ 1 ಬರುತ್ತದೆ, ಗರ್ಭ ಕಟ್ಟದಿದ್ದಲ್ಲಿ ಹಸು ಮತ್ತೆ ಬೆದೆಗೆ ಬರುವ ಸುಮಾರು ದಿನ ಅದು; ‘=ಎ2+60’ ಮತ್ತು ‘=ಎ2+90’ ಎಂಬವು ಆಗಸ್ಟ್ 9 ಮತ್ತು ಸೆಪ್ಟೆಂಬರ್ 8ರ ನಡುವೆ ಪಶುವೈದ್ಯರಿಂದ ಗರ್ಭಪರೀಕ್ಷೆ ಮಾಡಿಸಬೇಕೆಂದು ಹೇಳುತ್ತವೆ; ‘=ಎ2+280’ ಎಂಬುದು 46098 ಆಗಿ, 17 ಮಾರ್ಚ್ 2026 ಎಂಬ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ; ಅದರಿಂದ 60 ಕಳೆದರೆ ಹಾಲು ಬತ್ತಿಸಬೇಕಾದ ದಿನವಾದ ಜನವರಿ 16 ಸಿಗುತ್ತದೆ. ಎಮ್ಮೆಯಾದರೆ 280ರ ಜಾಗದಲ್ಲಿ 310, ಮೇಕೆಗೆ 150, ಹಂದಿಗೆ 114 ಎಂದು ಬದಲಿಸಿಕೊಂಡರೆ ಸಾಕು. ಇವೆಲ್ಲ ಸರಾಸರಿಗಳೇ ಹೊರತು ವಾಯಿದೆಗಳಲ್ಲ; ಹಸುವಿನ ತಳಿ, ವಯಸ್ಸು, ಕರು ಗಂಡೋ ಹೆಣ್ಣೋ ಎಂಬುದರ ಮೇಲೆ ಹಲವು ದಿನಗಳ ಹಿಂದುಮುಂದು ಆಗುತ್ತದೆ. ಹಾಗಾಗಿ ಹಾಳೆಯ ಮೇಲೆ ಮಾರ್ಚ್ 17 ಎಂದು ಒಂದೇ ದಿನವನ್ನು ಬರೆಯುವುದಕ್ಕಿಂತ, ಮಾರ್ಚ್ 10ರಿಂದಲೇ ಕೊಟ್ಟಿಗೆಯ ಮೇಲೆ ಕಣ್ಣಿಡಬೇಕೆಂದು ಹೇಳುವ ಇನ್ನೊಂದು ಮನೆಯನ್ನು ಸೇರಿಸುವವನೇ ಜಾಣ.

ದಿನಗಳ ಬದಲು ತಿಂಗಳುಗಳಲ್ಲಿ ಎಣಿಸಿದರೆ ಸಂಕಷ್ಟ ಬೇರೆ. ತಿಂಗಳುಗಳನ್ನು ಮುಂದೂಡುವ ‘ಇಡೇಟ್’ ಎಂಬ ಸೂತ್ರದಿಂದ ಒಂಬತ್ತು ತಿಂಗಳು ಮುಂದಿನ ದಿನವನ್ನು ಕೇಳಿದಾಗ, ಆರಂಭದ ದಿನವನ್ನು ಅನುಸರಿಸಿ ಆ ಒಂಬತ್ತು ತಿಂಗಳು 273 ದಿನಗಳೂ ಆಗಬಹುದು, 276 ದಿನಗಳೂ ಆಗಬಹುದು. ಹಸುವಿನ ಗರ್ಭಕ್ಕೆ ಫೆಬ್ರವರಿ ಗಿಡ್ಡವೆಂಬುದು ತಿಳಿಯದು. ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಈ ಸೂತ್ರವು ಫೆಬ್ರವರಿ 28 ಎನ್ನುತ್ತದೆ, ಆ 28ಕ್ಕೆ ಮತ್ತೊಂದು ತಿಂಗಳು ಕೂಡಿಸಿದರೆ ಮಾರ್ಚ್ 28 ಎನ್ನುತ್ತದೆ, ಆದರೆ ಜನವರಿ 31ಕ್ಕೆ ನೇರವಾಗಿ ಎರಡು ತಿಂಗಳು ಕೂಡಿಸಿದಾಗ ಮಾರ್ಚ್ 31 ಎನ್ನುತ್ತದೆ. ಸಾಲದ ಕಂತುಗಳ ಪಟ್ಟಿಯನ್ನು ಹಿಂದಿನ ಕಂತಿನಿಂದ ಎಳೆಯುತ್ತ ಹೋಗದೆ ಮೊದಲ ದಿನದಿಂದಲೇ ಪ್ರತಿ ಸಲವೂ ಎಣಿಸಬೇಕಾದದ್ದು ಇದಕ್ಕಾಗಿ.

ದಿನಗಳ ಲೆಕ್ಕದಲ್ಲಿ ಅತಿ ಹೆಚ್ಚು ಜನ ಎಡವುವ ಜಾಗ ಒಂದು ದಿನದ ವ್ಯತ್ಯಾಸದ್ದು, ಮತ್ತು ಅದನ್ನು ವಿವರಿಸಲು ಹಳೆಯ ತೊಟ್ಟಿಮನೆಯ ಭಾಷೆಗಿಂತ ಒಳ್ಳೆಯ ಭಾಷೆಯಿಲ್ಲ. ಎರಡು ಕಂಬಗಳ ನಡುವಣ ಅವಕಾಶವೇ ಅಂಕಣ. ಆದ್ದರಿಂದ ಒಂದೇ ಸಾಲಿನಲ್ಲಿ ಎಂಟು ಅಂಕಣ ಬೇಕಾದರೆ ಒಂಬತ್ತು ಕಂಬ ನಿಲ್ಲಿಸಬೇಕು. ವ್ಯವಕಲನವು ಯಾವಾಗಲೂ ಅಂಕಣಗಳನ್ನು ಕೊಡುತ್ತದೆ, ಜನರು ಹಲವು ವೇಳೆ ಎಣಿಸುವುದು ಕಂಬಗಳನ್ನು. ಸೋಮವಾರದಿಂದ ಮುಂದಿನ ಸೋಮವಾರಕ್ಕೆ ಹಾಳೆ 7 ಎನ್ನುತ್ತದೆ, ಕನ್ನಡಿಗರ ಬಾಯಲ್ಲಿ ಅದು ‘ಎಂಟು ದಿನ’. ಎರಡು ವಾರಕ್ಕೆ 14 ಬಂದರೂ ಮಾತಿನಲ್ಲಿ ‘ಹದಿನೈದು ದಿನ’ವೇ. ಇದು ಅಜ್ಞಾನವಲ್ಲ, ಮೊದಲ ಮತ್ತು ಕೊನೆಯ ದಿನಗಳೆರಡನ್ನೂ ಸೇರಿಸಿ ಎಣಿಸುವ ಬೇರೊಂದು ಪದ್ಧತಿ. ಸೂತಕದ ಹನ್ನೊಂದನೆಯ ದಿನವನ್ನು ಸಾವಿನ ದಿನದಿಂದಲೇ ಒಂದೆಂದು ಎಣಿಸುವುದೂ ಇದೇ ಪದ್ಧತಿಯಿಂದ. ಕೆಡುಕಾಗುವುದು ಎರಡು ಪದ್ಧತಿಗಳು ಒಂದೇ ಹಾಳೆಯಲ್ಲಿ ಬೆರೆತಾಗ. ಇನ್‌ಕ್ಯುಬೇಟರಿನಲ್ಲಿ ಮೊಟ್ಟೆಗಳು 18 ದಿನ ಸೆಟ್ಟರ್ ಎಂಬ ಭಾಗದಲ್ಲಿ ಹೊರಳುತ್ತಿದ್ದು, ಕೊನೆಯ ಮೂರು ದಿನಕ್ಕೆ ಹ್ಯಾಚರ್ ಎಂಬ ಭಾಗಕ್ಕೆ ಹೋಗುತ್ತವೆ. ಸೋಮವಾರ ಮೊಟ್ಟೆಗಳನ್ನು ಯಂತ್ರದೊಳಗೆ ಇರಿಸಿ, ಆ ದಿನವನ್ನೇ ಒಂದನೆಯ ದಿನವೆಂದು ಹಿಡಿದವನು ಇವನ್ನು ಒಂದು ದಿನ ಮೊದಲೇ ಸ್ಥಳಾಂತರಿಸುತ್ತಾನೆ, ಮತ್ತು ಭಾನುವಾರ ಮರಿಗಳು ಬರಬೇಕಿತ್ತಲ್ಲ ಎಂದು ಚಿಂತಿಸುತ್ತಿರುವಾಗ ಸೋಮವಾರ ಅವು ಸರಿಯಾದ ಸಮಯಕ್ಕೇ ಹೊರಬರುತ್ತವೆ. ಮರಿಗಳಿಗೆ ಕೊಕ್ಕರೆ ರೋಗದ ವಿರುದ್ಧ ಕೊಡುವ ಮೊದಲ ಲಸಿಕೆಗೆ 5ರಿಂದ 7ನೆಯ ದಿನ ಎಂದು ಅವಕಾಶವಿರುವುದರಿಂದ ಅಲ್ಲಿ ಈ ತಪ್ಪು ಮುಚ್ಚಿಹೋಗುತ್ತದೆ, ಗಡುವಿನಲ್ಲಿ ಮುಚ್ಚಿಹೋಗುವುದಿಲ್ಲ.

ಕಾನೂನು ಈ ವಿವಾದವನ್ನು ಬಹಳ ಹಿಂದೆಯೇ ತೀರ್ಮಾನಿಸಿದೆ. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 9ನೆಯ ಪ್ರಕರಣದಂತೆ, ಒಂದು ದಿನ‘ದಿಂದ’ ಎಂದು ಅವಧಿ ಮೊದಲಾದರೆ ಆ ದಿನವನ್ನು ಬಿಟ್ಟು ಎಣಿಸಬೇಕು, ಅಂದರೆ ಕಾನೂನಿನ ಎಣಿಕೆ ಅಂಕಣಗಳದ್ದು; 10ನೆಯ ಪ್ರಕರಣದಂತೆ, ಕೊನೆಯ ದಿನ ಕಚೇರಿ ಮುಚ್ಚಿದ್ದರೆ ಮತ್ತೆ ತೆರೆಯುವ ದಿನ ಮಾಡಿದರೂ ಅದು ಗಡುವಿನೊಳಗೇ ಮಾಡಿದಂತೆ. ಮಾಹಿತಿ ಹಕ್ಕು ಅಧಿನಿಯಮವು 2005ರಲ್ಲಿ ಉತ್ತರಕ್ಕೆ ಕೊಟ್ಟ 30 ದಿನಗಳು ರಜೆಯೂ ಸೇರಿದ ಸಾಮಾನ್ಯ ದಿನಗಳು. ಕರ್ನಾಟಕದಲ್ಲಿ 2011ರ ಕಾಯಿದೆಯಿಂದ ಹುಟ್ಟಿ, 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಗೆ ಬಂದ, ಸರ್ಕಾರಿ ಸೇವೆಗಳಿಗೆ ಗಡುವು ಕಟ್ಟುವ ‘ಸಕಾಲ’ದಲ್ಲಾದರೋ ಅದನ್ನು ಕೆಲಸದ ದಿನಗಳಲ್ಲಿ ಹೇಳಲಾಗುತ್ತದೆ. ಹೀಗೆ ಹೆಸರಘಟ್ಟ ಹೋಬಳಿಯ ಒಬ್ಬನೇ ರೈತ ಒಂದೇ ದಿನ ಸಲ್ಲಿಸಿದ ಎರಡು ಅರ್ಜಿಗಳಿಗೆ ಎರಡು ಬೇರೆ ಬೇರೆ ಗಡಿಯಾರಗಳು ಓಡತೊಡಗುತ್ತವೆ.

ಅರ್ಜಿಯ ದಿನ 2025ರ ಸೆಪ್ಟೆಂಬರ್ 29, ಸೋಮವಾರ ಎಂದಿಟ್ಟುಕೊಳ್ಳೋಣ. ಮಾಹಿತಿ ಹಕ್ಕಿನ ಗಡುವು ‘=ಎ2+30’ ಎಂಬ ಸೂತ್ರದಿಂದ ಅಕ್ಟೋಬರ್ 29ಕ್ಕೆ ಮುಗಿಯುತ್ತದೆ, ಅದರಲ್ಲಿ ವಿವಾದವಿಲ್ಲ. ಏಳು ಕೆಲಸದ ದಿನಗಳ ಗಡುವುಳ್ಳ ಸಕಾಲ ಸೇವೆಯೊಂದರ ಕೊನೆಯ ದಿನ ಯಾವುದು? ಸುಮ್ಮನೆ 7 ಕೂಡಿಸಿದರೆ ಅಕ್ಟೋಬರ್ 6. ಕೆಲಸದ ದಿನಗಳನ್ನೇ ಎಣಿಸಲೆಂದು ಇರುವ ‘ವರ್ಕ್‌ಡೇ’ ಸೂತ್ರವನ್ನು ಇದ್ದಂತೆಯೇ ಬಳಸಿದರೆ ಅಕ್ಟೋಬರ್ 8. ಆದರೆ ಆ ಸೂತ್ರಕ್ಕೆ ದಸರೆ ಗೊತ್ತಿಲ್ಲ. ಅಕ್ಟೋಬರ್ 1ರ ಮಹಾನವಮಿ, 2ರ ಗಾಂಧಿ ಜಯಂತಿ, 7ರ ವಾಲ್ಮೀಕಿ ಜಯಂತಿಗಳನ್ನು ರಜಾಪಟ್ಟಿಯಾಗಿ ಬೇರೆ ಮನೆಗಳಲ್ಲಿ ಬರೆದು ಸೂತ್ರಕ್ಕೆ ತೋರಿಸಿದರೆ ಅದು ಅಕ್ಟೋಬರ್ 13 ಎನ್ನುತ್ತದೆ. ಇದೂ ತಪ್ಪು. ಏಕೆಂದರೆ ಪ್ರತಿ ಶನಿವಾರವೂ ರಜೆಯೆಂಬ ನಂಬಿಕೆ ಆ ಸೂತ್ರದ ಹುಟ್ಟುಗುಣ, ಕರ್ನಾಟಕದ ಸರ್ಕಾರಿ ಕಚೇರಿಗಳಿಗಾದರೋ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ಮಾತ್ರ ರಜೆ. ಅಕ್ಟೋಬರ್ 4 ಮೊದಲ ಶನಿವಾರವಾದ್ದರಿಂದ ಕೆಲಸದ ದಿನವೇ. ಸರಿಯಾದ ಉತ್ತರ ಅಕ್ಟೋಬರ್ 10. ಒಂದೇ ಪ್ರಶ್ನೆಗೆ ಒಂದೇ ಹಾಳೆ ಹೀಗೆ ನಾಲ್ಕು ಉತ್ತರಗಳನ್ನು ಕೊಡಬಲ್ಲದು, ನಾಲ್ಕನ್ನೂ ಸಮಾನ ಧೈರ್ಯದಿಂದ.

ಅಕ್ಟೋಬರ್ 10ನ್ನು ಪಡೆಯುವ ದಾರಿ ‘ವರ್ಕ್‌ಡೇ.ಇಂಟ್ಲ್’ ಎಂಬ ವಿಸ್ತೃತ ಸೂತ್ರದಲ್ಲಿದೆ. ಅದಕ್ಕೆ ವಾರದ ರಜೆ ಯಾವುದೆಂದು ತಿಳಿಸುವ ಒಂದು ಸಂಕೇತಸಂಖ್ಯೆಯನ್ನು ಕೊಡಬಹುದು, ಮತ್ತು 11 ಎಂದರೆ ಭಾನುವಾರ ಮಾತ್ರ. ಎರಡು ಶನಿವಾರಗಳನ್ನು ರಜಾಪಟ್ಟಿಗೇ ಸೇರಿಸಬೇಕು. ಅವನ್ನು ಕ್ಯಾಲೆಂಡರ್ ನೋಡಿ ಹುಡುಕಬೇಕಾದ್ದಿಲ್ಲ, ಏಕೆಂದರೆ ಹಾಳೆಯ ಕ್ರಮಸಂಖ್ಯೆಯಲ್ಲಿ ಶನಿವಾರಗಳೆಲ್ಲ 7ರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. ಎರಡನೆಯ ಶನಿವಾರವು 8ರಿಂದ 14ರೊಳಗೆ ಬೀಳಲೇಬೇಕಾದ್ದರಿಂದ, ತಿಂಗಳ 14ನೆಯ ತಾರೀಖಿನ ಕ್ರಮಸಂಖ್ಯೆಯನ್ನು 7ರಿಂದ ಭಾಗಿಸಿ ಬಂದ ಶೇಷವನ್ನು ಅದರಿಂದಲೇ ಕಳೆದರೆ ಸಾಕು: 2025ರ ಅಕ್ಟೋಬರ್ 14 ಎಂದರೆ 45944, ಶೇಷ 3, ಆದ್ದರಿಂದ ಎರಡನೆಯ ಶನಿವಾರ ಅಕ್ಟೋಬರ್ 11. ನಾಲ್ಕನೆಯದಕ್ಕೆ 14ರ ಬದಲು 28. ಶೇಷ ತೆಗೆಯುವ ಸೂತ್ರದ ಹೆಸರು ‘ಮಾಡ್’. ಅಹರ್ಗಣದ ಪರೀಕ್ಷೆಯಲ್ಲಿ ವಾರ ತೋರಿಸಿದ ಅದೇ ಭಾಗಾಕಾರ ಇಲ್ಲಿ ಕಚೇರಿಯ ರಜೆಯನ್ನು ತೋರಿಸುತ್ತದೆ. ಕೊನೆಯ ದಿನ ರಜೆಗೆ ಬಿದ್ದರೆ ಮುಂದಕ್ಕೆ ಜಾರಿಸುವ 10ನೆಯ ಪ್ರಕರಣದ ವಿಧಿಯನ್ನೂ ಇದೇ ಸೂತ್ರದಿಂದ ಸಾಧಿಸಬಹುದು: ಗಡುವಿನಿಂದ ಒಂದು ದಿನ ಹಿಂದಕ್ಕೆ ಹೋಗಿ, ಅಲ್ಲಿಂದ ಒಂದು ಕೆಲಸದ ದಿನ ಮುಂದಕ್ಕೆ ಬರಬೇಕು. ಗಡುವು ಕೆಲಸದ ದಿನವಾಗಿದ್ದರೆ ಅಲ್ಲಿಗೇ ಬಂದು ನಿಲ್ಲುತ್ತದೆ, ಇಲ್ಲದಿದ್ದರೆ ತಾನಾಗಿ ಮುಂದಿನ ತೆರೆದ ದಿನಕ್ಕೆ ಹೋಗುತ್ತದೆ.

ಗಡುವು ಮೀರಿದರೆ ತೆರಬೇಕಾದ ಹಣದ ಲೆಕ್ಕ ಇದಕ್ಕಿಂತ ಸರಳ. ಸಕಾಲದಲ್ಲಿ ವಿಳಂಬದ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ, ಅಂದರೆ 25 ದಿನಗಳ ನಂತರ ಮೊತ್ತ ಏರುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ದಿನಕ್ಕೆ 250ರಂತೆ ಗರಿಷ್ಠ 25,000 ರೂಪಾಯಿ ದಂಡ, ಅದು ನೂರು ದಿನಕ್ಕೆ ನಿಲ್ಲುತ್ತದೆ. ಎರಡರಲ್ಲಿ ಕಿರಿದನ್ನು ಆರಿಸುವ ‘ಮಿನ್’ ಸೂತ್ರ ಇದಕ್ಕೆ ಸಾಕಾಗುತ್ತದೆ. ಎಚ್ಚರ ಬೇಕಾದದ್ದು ‘ಟುಡೇ’ ಎಂಬ, ಇಂದಿನ ದಿನಾಂಕವನ್ನು ಕೊಡುವ ಸೂತ್ರದ ಬಗ್ಗೆ. ಕಳೆದ ದಿನಗಳನ್ನು ಅದರಿಂದ ಎಣಿಸಿದ ಹಾಳೆಯು ಪ್ರತಿ ಬೆಳಗ್ಗೆ ಹೊಸ ಉತ್ತರ ಹೇಳುತ್ತದೆ, ಹೋದ ವರ್ಷವೇ ವಿಲೇವಾರಿಯಾದ ಅರ್ಜಿಯೂ ಅದರಲ್ಲಿ ದಿನದಿನಕ್ಕೆ ತಡವಾಗುತ್ತಲೇ ಹೋಗುತ್ತದೆ. ವಿಲೇವಾರಿಯ ದಿನಕ್ಕೆ ಒಂದು ಕಾಲಂ ಇಟ್ಟು, ಅದು ಖಾಲಿಯಿದ್ದರೆ ಮಾತ್ರ ಇಂದಿನ ದಿನಾಂಕವನ್ನು ಬಳಸುವಂತೆ ‘ಇಫ್’ ಎಂಬ ಷರತ್ತನ್ನು ಸೇರಿಸುವುದು ಅಗತ್ಯ. ಇದಕ್ಕಿಂತ ಸೂಕ್ಷ್ಮವಾದ ಅಸಂಗತಿಯೊಂದು ಇದೆ: ‘ವರ್ಕ್‌ಡೇ’ ಆರಂಭದ ದಿನವನ್ನು ಬಿಟ್ಟು ಅಂಕಣಗಳನ್ನು ಎಣಿಸಿದರೆ, ಎರಡು ದಿನಾಂಕಗಳ ನಡುವಣ ಕೆಲಸದ ದಿನಗಳನ್ನು ಹೇಳುವ ಅದರ ಒಡಹುಟ್ಟು ‘ನೆಟ್‌ವರ್ಕ್‌ಡೇಸ್’ ಎರಡೂ ತುದಿಗಳನ್ನು ಸೇರಿಸಿಕೊಂಡು ಕಂಬಗಳನ್ನು ಎಣಿಸುತ್ತದೆ. ಅರ್ಜಿ ಬಂದ ದಿನವೇ ವಿಲೇವಾರಿಯಾದರೆ ವ್ಯವಕಲನ 0 ಎನ್ನುತ್ತದೆ, ಇದು 1 ಎನ್ನುತ್ತದೆ.

ಗಂಟೆಗಳು ಕ್ರಮಸಂಖ್ಯೆಯ ಭಿನ್ನರಾಶಿಗಳಾಗಿ ಬರುತ್ತವೆ: ಇಡೀ ದಿನ 1 ಆದರೆ ಸಂಜೆ 6 ಗಂಟೆ 0.75, ಒಂದು ನಿಮಿಷ 1440ರಲ್ಲಿ ಒಂದು ಪಾಲು. ದಿನಕ್ಕೆ 60 ಗಳಿಗೆ, ಗಳಿಗೆಗೆ 60 ವಿಗಳಿಗೆ ಎಂದು ಬರೆಯುವ ಪಂಚಾಂಗವೂ ದಿನವನ್ನೇ ಪೂರ್ಣವಾಗಿಟ್ಟುಕೊಂಡು ಒಡೆಯುವುದರಿಂದ ಈ ಪರಿವರ್ತನೆಯಲ್ಲಿ ತೊಡಕಿಲ್ಲ. ತೊಡಕಿರುವುದು ಮಧ್ಯರಾತ್ರಿಯಲ್ಲಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗಿನ ಪಾಳಿಯನ್ನು ಬರೇ ಗಂಟೆಗಳಾಗಿ ಕಳೆದರೆ ಋಣಸಂಖ್ಯೆ ಬರುತ್ತದೆ. ಅದನ್ನು 1ರಿಂದ ಭಾಗಿಸಿದ ಶೇಷವನ್ನು ‘ಮಾಡ್’ನಿಂದ ಕೇಳಿದರೆ ಎಂಟು ಗಂಟೆಯೆಂಬ ಸರಿಯುತ್ತರ ಸಿಗುತ್ತದೆ. ಮೊಟ್ಟೆಯ 21 ದಿನಗಳನ್ನು, ಅಂದರೆ 504 ಗಂಟೆಗಳನ್ನು, ಸಾಮಾನ್ಯ ಗಡಿಯಾರದ ತೋರಿಕೆಯಲ್ಲಿ ನೋಡಿದರೆ ಹಾಳೆಯು 0:00 ಎಂದು ತೋರಿಸಿ ಬೆಚ್ಚಿಬೀಳಿಸುತ್ತದೆ, ಏಕೆಂದರೆ ಗಡಿಯಾರ ಪ್ರತಿ 24ಕ್ಕೆ ಮರಳಿ ಸೊನ್ನೆಗೆ ಬರುವಂಥದ್ದು. ತೋರಿಕೆಯ ವಿನ್ಯಾಸದಲ್ಲಿ ಗಂಟೆಯ ಚಿಹ್ನೆಯನ್ನು ಚೌಕಕಂಸದೊಳಗೆ ಇಟ್ಟರೆ 504 ಗೋಚರಿಸುತ್ತದೆ.

ಸೂತ್ರಗಳೆಲ್ಲ ಸರಿಯಿದ್ದರೂ ತುಂಬುವ ಹಂತದಲ್ಲೇ ಹಾಳೆ ಕೆಡಬಹುದು. ಅಮೆರಿಕದ ಪದ್ಧತಿಗೆ ಹೊಂದಿಸಿದ ಹಾಳೆಯಲ್ಲಿ 10/06/2025 ಎಂದು ಬರೆದರೆ ಅದು ಅಕ್ಟೋಬರ್ 6 ಎಂದು ಓದಿಕೊಳ್ಳುತ್ತದೆ, 25/06/2025 ಎಂದು ಬರೆದರೆ ಇಪ್ಪತ್ತೈದನೆಯ ತಿಂಗಳಿಲ್ಲದ ಕಾರಣ ಅದನ್ನು ಬರೀ ಅಕ್ಷರಗಳೆಂದು ಬಿಟ್ಟುಬಿಡುತ್ತದೆ. ಎರಡನೆಯದು ಮನೆಯ ಎಡಕ್ಕೆ ಅಂಟಿಕೊಂಡು ನಿಂತು ತನ್ನ ತಪ್ಪನ್ನು ತಾನೇ ತೋರಿಸಿಕೊಡುತ್ತದೆ. ಮೊದಲನೆಯದು ಸದ್ದಿಲ್ಲದೆ ಕೆಡಿಸುತ್ತದೆ. ದಿನಾಂಕವೇ ಅಲ್ಲದ್ದನ್ನೂ ದಿನಾಂಕವಾಗಿ ಓದುವ ಈ ಚಪಲದಿಂದ ಬೇಸತ್ತ ತಳಿವಿಜ್ಞಾನಿಗಳು 2020ರಲ್ಲಿ ‘ಮಾರ್ಚ್1’, ‘ಸೆಪ್ಟ್1’ ಎಂಬ ಬಗೆಯ ಮಾನವ ವಂಶವಾಹಿಗಳ ಹೆಸರುಗಳನ್ನೇ ಬದಲಿಸಿಕೊಂಡರು.

ಹಾಳೆಯ ಕಾಲಗಣನೆಯ ಬುಡದಲ್ಲೇ ಇರುವ ಒಂದು ದೋಷವಂತೂ ತಿದ್ದಲಾಗದಷ್ಟು ಹಳೆಯದು. ನೂರರಿಂದ ಭಾಗವಾಗುವ ವರ್ಷವು 400ರಿಂದಲೂ ಭಾಗವಾಗದಿದ್ದರೆ ಅಧಿಕ ವರ್ಷವಲ್ಲ, ಆದ್ದರಿಂದ 1900ರ ಫೆಬ್ರವರಿಗೆ 28 ದಿನಗಳೇ. 1983ರಲ್ಲಿ ಮಾರುಕಟ್ಟೆಗೆ ಬಂದ ಲೋಟಸ್ 1-2-3 ಎಂಬ ಹಾಳೆಯು ಅದನ್ನು ಅಧಿಕ ವರ್ಷವೆಂದೇ ಎಣಿಸಿತು. ಅದರ ಕಡತಗಳನ್ನು ತೆರೆದಾಗ ದಿನಾಂಕಗಳು ಒಂದು ದಿನ ಜಾರದಿರಲೆಂದು ಎಕ್ಸೆಲ್ ಆ ತಪ್ಪನ್ನು ತಿಳಿದೇ ಉಳಿಸಿಕೊಂಡಿತು. ಇಂದಿಗೂ ಎಕ್ಸೆಲ್‌ನಲ್ಲಿ 60 ಎಂಬ ಸಂಖ್ಯೆಗೆ 29 ಫೆಬ್ರವರಿ 1900 ಎಂಬ, ಭೂಮಿಯ ಮೇಲೆ ಎಂದೂ ಬೆಳಗಾಗದ ದಿನದ ಹೆಸರಿದೆ, ಮತ್ತು ಸೋಮವಾರವಾಗಿದ್ದ ಆ ವರ್ಷದ ಜನವರಿ 1ನ್ನು ಅದು ಭಾನುವಾರ ಎನ್ನುತ್ತದೆ. ಲಿಬ್ರೆಆಫೀಸ್ ಮತ್ತು ಗೂಗಲ್ ಶೀಟ್ಸ್ ಎಂಬ ಬೇರೆ ಹಾಳೆಗಳು 1899ರ ಡಿಸೆಂಬರ್ 30ನ್ನು ಸೊನ್ನೆಯಾಗಿಟ್ಟುಕೊಂಡು, 1900ರ ಮಾರ್ಚ್ 1ರಿಂದ ಎಲ್ಲರ ಎಣಿಕೆಯೂ ಒಂದಾಗುವಂತೆ ನೋಡಿಕೊಂಡಿವೆ.

ಎಕ್ಸೆಲ್‌ನ ಎಣಿಕೆ 1900ರಿಂದಲೇ ಮೊದಲಾಗುವುದರ ಪರಿಣಾಮ ಹೆಸರಘಟ್ಟಕ್ಕೆ ಸಂಬಂಧಿಸಿದಂತೆ ವಿಚಿತ್ರವಾಗಿದೆ. ಅರ್ಕಾವತಿಗೆ ಅಡ್ಡಲಾಗಿ ಇಲ್ಲಿಯ ಕೆರೆಯನ್ನು ಕಟ್ಟಿದ್ದು 1894ರಲ್ಲಿ, ಅದರ ನೀರು ಬೆಂಗಳೂರನ್ನು ಮುಟ್ಟಿದ್ದು 1896ರಲ್ಲಿ. ಎರಡೂ ಎಕ್ಸೆಲ್‌ನ ಯುಗಾರಂಭಕ್ಕಿಂತ ಹಿಂದಿನವು. ಕೆರೆಯ ವಯಸ್ಸನ್ನು ದಿನಗಳಲ್ಲಿ ತಿಳಿಯಬಯಸಿ 1 ಜನವರಿ 1894 ಎಂದು ಬರೆದರೆ ಎಕ್ಸೆಲ್ ಅದನ್ನು ದಿನಾಂಕವೆಂದು ಒಪ್ಪದೆ ಅಕ್ಷರಗಳ ಸಾಲಾಗಿ ಇಟ್ಟುಕೊಳ್ಳುತ್ತದೆ. ಲಿಬ್ರೆಆಫೀಸ್ ಆದರೋ ಮೈನಸ್ 2189 ಎಂಬ ಕ್ರಮಸಂಖ್ಯೆಯನ್ನು ಕೊಡುತ್ತದೆ. ಅದಕ್ಕೆ 18,26,553 ಕೂಡಿಸಿದರೆ ಬರುವ 18,24,364 ಎಂಬ ಅಹರ್ಗಣವನ್ನು 7ರಿಂದ ಭಾಗಿಸಿದಾಗ ಶೇಷ 3 ಉಳಿಯುತ್ತದೆ, ಶುಕ್ರವಾರದಿಂದ ಮೂರು ದಿನ ಮುಂದೆ ಎಣಿಸಿದರೆ ಸೋಮವಾರ ಬರುತ್ತದೆ, ಮತ್ತು ಆ ವರ್ಷ ಮೊದಲಾದದ್ದು ಸೋಮವಾರವೇ.